ಮೇರಿ ಬಿಟ್ಟ ಸಾಲು

ಕನಕಪುರದ ಹತ್ತಿರ ಒಂದು ಹಳ್ಳಿಯ ಚರ್ಚಿನಲ್ಲಿ, ಮೊದಲ ಸಲ ಪರಮಪ್ರಸಾದ ಸ್ವೀಕರಿಸಲು ತಯಾರಾಗುವ ಮಕ್ಕಳಿಂದ ಜಪ ಒಪ್ಪಿಸಿಕೊಳ್ಳುವುದು ನನ್ನ ಕೆಲಸವಾಗಿತ್ತು. ಏಳು ವರ್ಷದ ಮೇರಿ ಪರಲೋಕ ಮಂತ್ರವನ್ನು ಚೆನ್ನಾಗಿಯೇ ಶುರು ಮಾಡಿದಳು. ತಪ್ಪು ಮಾಡಿದವರನ್ನು ನಾವು ಕ್ಷಮಿಸುತ್ತೇವೆ ಅನ್ನುವ ಸಾಲನ್ನು ಮಾತ್ರ ಹಾರಿಸಿಬಿಟ್ಟಳು.

“ಮರೆತೋಯ್ತಾ?” ಅಂದೆ.

“ಗ್ಯಾಪ್ಕ ಐತೆ ಟೀಚರ್. ಅವ್ವ ನನ್ನ ಬುಟ್ಟು, ತಮ್ಮನ್ನ ಮಾತ್ರ ಕರ್ಕೊಂಡು ಹೊಂಟೋದ್ಲು. ನಾನಿನ್ನೂ ಕ್ಷಮ್ಸಿಲ್ಲ. ಯೇಸಪ್ಪಂಗೆ ಸುಳ್ಳು ಹೇಳಕಾಯ್ತದಾ?”

ಸಾಲು ಬಿಟ್ಟವರು ಪಾಸಿಲ್ಲ, ಅದು ನಮ್ಮ ನಿಯಮ. ಮುಂದಿನ ವರ್ಷ ಬಾ ಅಂದೆ. ಅವಳು ಅಳಲಿಲ್ಲ. ಆ ದಿನಕ್ಕೆಂದು ಅಜ್ಜಿ ಹೊಲಿಸಿದ್ದ ಬಿಳಿ ಗೌನು ಪೆಟ್ಟಿಗೆಯಲ್ಲೇ ಗಿಡ್ಡವಾಯಿತು.

ನಾನಂತೂ ಆ ಸಾಲನ್ನು ಒಂದು ದಿನವೂ ತಪ್ಪಿಸಿದವನಲ್ಲ. ಒಡಹುಟ್ಟಿದ ಅಕ್ಕನ ಮನೆ ಮೆಟ್ಟಿಲು ತುಳಿದು ಹನ್ನೊಂದು ವರ್ಷವಾಗಿತ್ತು, ಅಷ್ಟೇ.