ಮಸ್ಕಿ ಹೊಟ್ಟಿ, ನಮ್ಮ ಮನಿ ಹೊಟ್ಟಿ

ಅಪ್ಪನ ತಾಯಿ, ನಮ್ಮ ಅಜ್ಜಿ, ಮನೆಯವರನ್ನು ಎರಡು ಬಗೆಯಾಗಿ ಎಣಿಸುತ್ತಿದ್ದಳು. ಕೆಲವರದು ‘ನಮ್ಮ ಮನಿ ಹೊಟ್ಟಿ’, ಕೆಲವರದು ‘ಮಸ್ಕಿ ಹೊಟ್ಟಿ’. ಮಸ್ಕಿ ಅಮ್ಮನ ತವರು. ಅಲ್ಲಿಯವರಿಗೆ ಹಾಲು ಒಗ್ಗುತ್ತಿತ್ತು, ನಮ್ಮವರಿಗೆ ಮಜ್ಜಿಗೆ. ನನ್ನ ತಂಗಿ ಮಸ್ಕಿಯವಳು, ನಾನು ಈ ಮನೆಯವಳು ಎಂದು ಅಜ್ಜಿ ನಮ್ಮಿಬ್ಬರಿಗೂ ಹಲ್ಲು ಬೀಳುವ ಮೊದಲೇ ತೀರ್ಮಾನಿಸಿದ್ದಳು. ಬಡಿಸುವಾಗ ತಂಗಿಯ ಮುಂದೆ ಹಾಲಿನ ಬಟ್ಟಲು, ನನ್ನ ಮುಂದೆ ಮಜ್ಜಿಗೆಯದು. ಯಾಕೆಂದು ಕೇಳಿದರೆ, “ನಿಂದು ಅಪ್ಪನ ಹೊಟ್ಟಿ. ಹಾಲು ನಿಮಗ ಮಜ್ಜಿಗಿ ಆಗೇ ಬರಬೇಕು” ಎನ್ನುತ್ತಿದ್ದಳು.

ಇದೇ ವಿಷಯ ತಿಳಿಯಲು ನನಗೆ ಮುಂದೆ ವಿಶ್ವವಿದ್ಯಾಲಯದವರೆಗೆ ಹೋಗಬೇಕಾಯಿತು. ಹಾಲಿನಲ್ಲಿರುವ ಸಕ್ಕರೆಯನ್ನು ಅರಗಿಸುವ ಕಿಣ್ವ ಎಳೆಮಕ್ಕಳೆಲ್ಲರಲ್ಲೂ ಇರುತ್ತದೆ. ಬೆಳೆದ ಮೇಲೆ ಕೆಲವರಲ್ಲಿ ಅದು ಉಳಿಯುತ್ತದೆ, ಹಲವರಲ್ಲಿ ಕಡಿಮೆಯಾಗುತ್ತದೆ. ಯಾರಲ್ಲಿ ಉಳಿಯುತ್ತದೆ ಎಂಬುದು ತಂದೆ ತಾಯಿಯಿಂದ ಬಂದ ವಂಶವಾಹಿಯನ್ನು ಅವಲಂಬಿಸಿದೆ. ಅಮ್ಮನಿಂದ ತಂಗಿಗೆ ಬಂದದ್ದು ನನಗೆ ಬಂದಿರಲಿಲ್ಲ, ಅಷ್ಟೇ. ಆದ್ದರಿಂದ ಎಲ್ಲರಿಗೂ ಒಂದೇ ಪಥ್ಯ ಹೇಳುವುದು ತಪ್ಪು ಎಂದು ನಾನು ಅಪ್ಪನಿಗೆ ಮೂರು ಪುಟದ ಪತ್ರ ಬರೆದೆ. ಉತ್ತರವಾಗಿ ಒಂದು ಕಾರ್ಡು ಬಂತು: “ಪತ್ರವನ್ನು ನಿನ್ನ ಅಜ್ಜಿಗೆ ಓದಿ ಹೇಳಿದೆ. ಇದನ್ನು ಕಲಿಸಲು ಇಷ್ಟು ದಿನ ಯಾಕೆ ಬೇಕಾಯಿತು ಎಂದು ಕೇಳುತ್ತಿದ್ದಾಳೆ.”

ಆದರೆ ನಾನು ಪಿಯುಸಿ ಮುಗಿಸಿದ ಬೇಸಿಗೆಯಲ್ಲಿ ನನ್ನ ಬಳಿ ಈ ವಿದ್ಯೆ ಇರಲಿಲ್ಲ. ಇದ್ದದ್ದು ಧಾರವಾಡದ ಕಾಲೇಜಿನ ಅರ್ಜಿ ಮಾತ್ರ. ಅದರ ಮೇಲೆ ಅಪ್ಪನ ಸಹಿ ಬೇಕಿತ್ತು. ಅಪ್ಪನಿಗೆ ಸಿಂಧನೂರಿನ ಗಂಜ್‌ನಲ್ಲಿ, ಅಂದರೆ ಧಾನ್ಯದ ಪೇಟೆಯಲ್ಲಿ, ಭತ್ತದ ಅಂಗಡಿ. ಯಾವುದನ್ನೇ ಆಗಲಿ ತೂಗದೆ ನಂಬುವ ಮನುಷ್ಯನಲ್ಲ. ಅರ್ಜಿ ನೋಡಿದರು, ನನ್ನನ್ನು ನೋಡಿದರು.

“ಹಾಸ್ಟೆಲ್ಲಿಗೆ ಕಡ್ಡಿ ಕಳಸಾಕ ಆಗಂಗಿಲ್ಲ. ನಲವತ್ತು ಕಿಲೋ ಆಗು, ಸಹಿ ಮಾಡ್ತೀನಿ.”

ಮರುದಿನ ಅಂಗಡಿಯಲ್ಲಿ ಚೀಲ ತೂಗುವ ಕಾಟಾದ ಮೇಲೆ ನನ್ನನ್ನು ನಿಲ್ಲಿಸಿದರು. ಹಿರಿಯ ಹಮಾಲ ಚೀಲದ ತೂಕ ಕೂಗುವ ಧಾಟಿಯಲ್ಲೇ “ಮೂವತ್ತೆಂಟೂವರಿ” ಎಂದು ಇಡೀ ಓಣಿಗೆ ಸಾರಿದ. ಭತ್ತದ ತೂಕದಲ್ಲಿ ಖಾಲಿ ಚೀಲದ ತೂಕ ಕಳೆಯುವುದು ರೂಢಿ. ಅಪ್ಪ ನನ್ನ ತೂಕದಲ್ಲಿ ಬಟ್ಟೆಯದೆಂದು ಅರ್ಧ ಕಿಲೋ ಕಳೆದರು.

“ಮೂವತ್ತೆಂಟು” ಎಂದರು. “ಇನ್ನ ಎರಡು ಬೇಕು.”

ಆ ಎರಡನ್ನು ತರಲು ಲಿಂಗಸುಗೂರಿನ ಒಬ್ಬ ಡಾಕ್ಟರ ಬಳಿಗೆ ಕರೆದೊಯ್ದರು. ಅವರ ಹತ್ತಿರ ಅಚ್ಚು ಹಾಕಿಸಿದ ಒಂದು ಚೀಟಿ ಇತ್ತು. ಬಂದವರಿಗೆಲ್ಲ ಅದೇ. ನನಗಿಂತ ಮೊದಲು ಒಳಗೆ ಹೋಗಿದ್ದ ಭಾರಿ ಗಾತ್ರದ ಹೆಂಗಸಿನ ಕೈಯಲ್ಲೂ ಅದೇ ಚೀಟಿ ಕಂಡಿತು. ‘ಬೆಳಿಗ್ಗೆ ಒಂದು ಲೋಟ ಹಾಲು, ಸಂಜೆ ಒಂದು ಲೋಟ ಹಾಲು’ ಎಂಬ ಸಾಲು ಇಬ್ಬರಿಗೂ ಸಮಾನ. ಆಕೆಯದರಲ್ಲಿ ‘ಸಕ್ಕರೆ ಸಹಿತ’ ಎಂಬುದನ್ನು ಮಾತ್ರ ಹೊಡೆದುಹಾಕಿದ್ದರು.

ಅಜ್ಜಿ ಚೀಟಿಯನ್ನು ತಿರುಗಿಸಿ ತಿರುಗಿಸಿ ನೋಡಿದಳು. ಅವಳಿಗೆ ಓದಲು ಬರುತ್ತಿರಲಿಲ್ಲ.

“ಈಕಿ ಹೊಟ್ಟಿ ಯಾವುದಂತ ಕೇಳಿದನೇನು ಅಂವ?”

“ಅವರು ಓದ್ಯಾರವ್ವ” ಎಂದರು ಅಪ್ಪ.

“ಓದಲಿ ಬಿಡು. ನಿಂದೂ ಇದೇ ಹೊಟ್ಟಿ. ಸಣ್ಣಾಂವ ಇದ್ದಾಗ ಹಾಲು ಕುಡದು ಏನೇನು ಮಾಡೀದಿ, ಹೇಳ್ಲೇನು?”

“ನಾ ಚಹಾದಾಂವ. ನನಗ ಹಾಲಿನ ಗೊಡವಿ ಬ್ಯಾಡ” ಎಂದು ಅಪ್ಪ ಚಪ್ಪಲಿ ಮೆಟ್ಟಿ ಹೊರಟುಬಿಟ್ಟರು. ಅವರ ಚಹಾದಲ್ಲಿ ಹಾಲು ಬಣ್ಣಕ್ಕಷ್ಟೇ ಇರುತ್ತಿತ್ತು ಎಂಬುದನ್ನು ನಾನು ಆಗ ಗಮನಿಸಿರಲಿಲ್ಲ.

ಎರಡು ವಾರ ಚೀಟಿಯಂತೆ ನಡೆದೆ. ವಿವರಗಳನ್ನು ಬರೆಯುವುದಿಲ್ಲ. ಹಿತ್ತಲಿಗೆ ಹೋಗುವ ದಾರಿಯಲ್ಲಿ ಹದಿನೇಳು ಹಾಸುಗಲ್ಲು ಇದ್ದವು ಎಂದು ಇವತ್ತಿಗೂ ಹೇಳಬಲ್ಲೆ ಎಂದರೆ ಸಾಕು. ಅಪ್ಪನಿಗೆ ಹೇಳಿದೆ. “ಅಭ್ಯಾಸ ಆಗ್ತೈತಿ” ಎಂದರು. ಮೂರನೆಯ ವಾರ ಸಂಜೆಯ ಲೋಟವನ್ನು ಗುಟ್ಟಾಗಿ ತಂಗಿಗೆ ದಾಟಿಸತೊಡಗಿದೆ. ಆ ವಾರದ ತೂಕಕ್ಕೆ ಅವಳೂ ಹಟ ಮಾಡಿ ಕಾಟಾ ಹತ್ತಿದಳು. ನಾನು ಬಟ್ಟೆಯ ತೂಕ ಕಳೆದು ಮೂವತ್ತೇಳಕ್ಕೆ ಇಳಿದಿದ್ದೆ. ಅವಳು, ನನಗಿಂತ ಮೂರು ವರ್ಷ ಚಿಕ್ಕವಳು, ನಲವತ್ತೊಂದು.

ಹಮಾಲ ಅಪ್ಪನ ಕಡೆ ತಿರುಗಿ, “ಇಕಿನ್ನ ಕಳಸ್ರಿ ಸಾವ್ಕಾರ್ರ ಧಾರವಾಡಕ್ಕ. ತಯಾರ್ ಅದಾಳ” ಎಂದ.

ಅಪ್ಪ ನಗಲಿಲ್ಲ. ಅರ್ಜಿ ಅವರ ಗಲ್ಲಾಪೆಟ್ಟಿಗೆಯ ಕೆಳಗೆ ಸಹಿ ಇಲ್ಲದೆ ಬಿದ್ದಿತ್ತು. ಕಳಿಸಲು ಇನ್ನು ಮೂರು ವಾರವಿತ್ತು.

ಆ ವಾರದ ಭಾನುವಾರ ಅಪ್ಪ ನಮ್ಮಿಬ್ಬರನ್ನೂ ಕರೆದುಕೊಂಡು ಮಸ್ಕಿಗೆ ಹೋದರು. ಸೋದರಮಾವನ ಮನೆಯಲ್ಲಿ ಎಮ್ಮೆ ಈದು ತಿಂಗಳಾಗಿತ್ತು. ಊಟ ಮುಗಿಸಿ ಕುಳಿತಾಗ ಅಪ್ಪ ಮಾವನಿಗೆ ಡಾಕ್ಟರ ಚೀಟಿಯ ಮಹಿಮೆ ಹೇಳಿದರು. ಹಾಲಿನಲ್ಲಿ ಏನೇನು ಸತ್ವವಿದೆ, ಈಗಿನ ಹುಡುಗಿಯರು ಅದನ್ನು ಕಂಡರೆ ಯಾಕೆ ಮುಖ ಸಿಂಡರಿಸುತ್ತಾರೆ ಎಂದು ವಿವರವಾಗಿಯೇ ಹೇಳಿದರು. ಮಾವನಿಗೆ ಬಹಳ ಸಂತೋಷವಾಯಿತು. ಒಳಗೆ ಹೋಗಿ ಎರಡು ಹಿತ್ತಾಳೆ ತಂಬಿಗೆ ತುಂಬಿಸಿಕೊಂಡು ಬಂದ.

“ತಗೋರಿ ಭಾವಾರ. ಅಪ್ಪ ಕುಡದ್ರ ಮಗಳು ಕುಡೀತಾಳ.”

“ನಂದು ಈಗ ಚಹಾ ಆತು.”

“ಚಹಾದಾಗ ಏನ್ ಸತ್ವ ಐತ್ರಿ? ಈಗರ ನೀವೇ ಹೇಳಿದ್ರಲ್ಲ.”

ಅಪ್ಪ ತಂಬಿಗೆಯನ್ನು ನೋಡಿದರು. ನಂತರ ಕಣ್ಣು ಮುಚ್ಚಿ ಒಂದೇ ಉಸಿರಿಗೆ ಕುಡಿದರು. ನಾನೂ ಕುಡಿದೆ. ಇನ್ನೂ ಹಾಲು ಉಳಿದಿದೆಯೇ ಎಂದು ತಂಗಿ ಕೇಳಿದಳು.

ಸಿಂಧನೂರಿನ ಬಸ್ಸು ಅರ್ಧ ದಾರಿ ಬಂದಿರಬಹುದು. ನಾನು ಮುಂದಿನ ಸೀಟಿನ ಕಂಬಿ ಹಿಡಿದು ಒಂದರಿಂದ ನೂರು ಎಣಿಸುತ್ತಿದ್ದೆ. ಪಕ್ಕಕ್ಕೆ ನೋಡಿದರೆ ಅಪ್ಪನೂ ಕಂಬಿ ಹಿಡಿದಿದ್ದರು. ಅವರ ತುಟಿಗಳೂ ಅಲುಗುತ್ತಿದ್ದವು. ಕಾಲುವೆಯ ಸೇತುವೆ ಕಂಡದ್ದೇ ಎದ್ದು ನಿಂತರು.

“ಗಾಡಿ ನಿಲ್ಲಸ್ರಿ.”

“ಇಲ್ಲಿ ಸ್ಟಾಪ್ ಇಲ್ರಿ” ಎಂದ ಕಂಡಕ್ಟರ್.

“ಕೆಲಸ ಐತಿ.”

“ಬರೇ ಜಾಲಿ ಗಿಡ ಅದಾವ. ಇಲ್ಲೇನ್ ಕೆಲಸ್ರಿ?”

“ಹೊಲ ನೋಡಬೇಕು.”

“ಯಾರ ಹೊಲ್ರಿ?”

ಅಪ್ಪ ಅಷ್ಟರಲ್ಲಿ ಬಾಗಿಲಿಗೆ ಹೋಗಿ ನಿಂತಿದ್ದರು. ಬಸ್ಸು ನಿಂತಿತು. ಅವರು ರಸ್ತೆಯ ಎಡಕ್ಕೆ ಹೋದರು, ನಾನು ಬಲಕ್ಕೆ. ತಂಗಿ ಸೀಟು ಕಾಯ್ದುಕೊಂಡು ಕುಳಿತಳು. ನಾವು ತಿರುಗಿ ಹತ್ತಿದಾಗ ಹಿಂದಿನ ಸೀಟಿನ ಮುದುಕಿ, “ಅಪ್ಪ ಮಗಳು ಬ್ಯಾರೆ ಬ್ಯಾರೆ ಹೊಲ ನೋಡ್ಯಾರವ್ವ. ಪಾಲು ಆಗೈತೇನೋ” ಎಂದಳು. ಬಸ್ಸಿಗೆ ಬಸ್ಸೇ ನಕ್ಕಿತು.

ಅಪ್ಪ ಕಿಟಕಿಯ ಕಡೆ ತಿರುಗಿ ಭತ್ತದ ಗದ್ದೆಗಳನ್ನು ನೋಡತೊಡಗಿದರು. ಆಮೇಲೆ ಕೇಳಿದರು:

“ದಿನಾ ಹಿಂಗ ಆಗ್ತೈತೇನು?”

“ಹೌದ್ರಿ.”

“ಹೇಳಬಾರದಾ?”

“ಹೇಳೀನ್ರಿ. ಅಭ್ಯಾಸ ಆಗ್ತೈತಿ ಅಂದ್ರಿ.”

ಅಪ್ಪ ಟವೆಲ್ಲಿನಿಂದ ಮುಖ ಒರೆಸಿಕೊಂಡರು.

“ನನಗ ಐವತ್ತು ವರ್ಷದಾಗ ಆಗಿಲ್ಲ” ಎಂದರು.

ಮನೆಗೆ ಬಂದವರೇ ಚೀಟಿಯನ್ನು ಅಜ್ಜಿಯ ಕೈಗೆ ಕೊಟ್ಟರು. ಅವಳು ಅದರಲ್ಲಿ ಜೀರಿಗೆ ಕಟ್ಟಿಟ್ಟಳು. ಮರುದಿನದಿಂದ ಮೂರು ಹೊತ್ತು ಜೋಳದ ರೊಟ್ಟಿ, ಶೇಂಗಾ ಚಟ್ನಿ, ಬೇಳೆ, ಮಜ್ಜಿಗೆ. ನಡುನಡುವೆ ಶೇಂಗಾ ಹೋಳಿಗೆ. ನಾನು ಬೇಡವೆಂದರೆ, “ತಿನ್ನು. ಇದು ನಿನ್ನ ಹೊಟ್ಟಿ ನೋಡೇ ಮಾಡಿದ್ದು” ಎನ್ನುತ್ತಿದ್ದಳು. ಹಾಸುಗಲ್ಲು ಎಣಿಸುವ ಕೆಲಸ ನಿಂತಿತು.

ಅರ್ಜಿ ಕಳಿಸುವ ಹಿಂದಿನ ದಿನ ಕಾಟಾ ಹತ್ತಿದೆ. ಹಮಾಲ ತೂಕದ ಗುಂಡನ್ನು ಒಂದೊಂದೇ ಗೆರೆ ಸರಿಸಿದ. ಕಾಟಾದ ಅಡ್ಡಕೋಲು ತೂಗಾಡಿ ನಿಂತಿತು.

“ನಲವತ್ತು” ಎಂದು ಕೂಗಿದ. ನಾನು ಮನಸ್ಸಿನಲ್ಲೇ ಅರ್ಧ ಕಳೆದೆ. ಮೂವತ್ತೊಂಬತ್ತೂವರೆ. ಮೂವತ್ತು ವರ್ಷ ಗಂಜ್‌ನಲ್ಲಿ ಒಂದು ಹಿಡಿ ಭತ್ತವನ್ನೂ ಅತ್ತಿತ್ತ ಆಗಲು ಬಿಡದ ಮನುಷ್ಯನ ಮುಂದೆ ನಿಂತಿದ್ದೆ. ಅಪ್ಪ ಗಲ್ಲಾಪೆಟ್ಟಿಗೆಯ ಕೆಳಗಿನಿಂದ ಅರ್ಜಿ ಎಳೆದು ಪೆನ್ನಿನ ಮುಚ್ಚಳ ತೆಗೆದರು.

“ಬಟ್ಟಿ ತೂಕ ಕಳೀಬೇಕಲ್ರಿ ಸಾವ್ಕಾರ್ರ” ಎಂದು ಹಮಾಲ ನೆನಪಿಸಿದ.

“ಯಾಕ? ಧಾರವಾಡಕ್ಕ ಬಟ್ಟಿ ಹಾಕ್ಕೊಂಡೇ ಹೋಗ್ತಾಳಲ್ಲ” ಎಂದು ಅಪ್ಪ ಸಹಿ ಮಾಡಿದರು.