ಕಂಬದಕ್ಕ ಕಂಡ ಕಿಲುಬು

ಬಂದರಿನಲ್ಲಿ ಅವಳನ್ನು ನಿಜವಾದ ಹೆಸರಿನಿಂದ ಕರೆದರೆ ಅವಳೇ ತಿರುಗಿ ನೋಡುವುದಿಲ್ಲ. ಹಾಯಿದೋಣಿಗಳ ಕಂಬ ಹತ್ತಿ ತುದಿಯಲ್ಲಿ ರೇಡಿಯೋದ ಏರಿಯಲ್ ಕಟ್ಟುವವಳಾದ್ದರಿಂದ ಎಲ್ಲರಿಗೂ ಅವಳು ಕಂಬದಕ್ಕ. ತಲೆ ನರೆತರೂ ಹಗ್ಗದ ಕುರ್ಚಿಯಲ್ಲಿ ಕೂತು ಸರಸರನೆ ಮೇಲೇರುತ್ತಾಳೆ. ಕೆಳಗೆ ಹಗ್ಗ ಎಳೆಯುವವರು ಸ್ವಲ್ಪ ಸಡಿಲ ಬಿಟ್ಟರೋ, ಮೇಲಿನಿಂದಲೇ ಮಂಗಳಾರತಿ.

"ರೇಡಿಯೋಗೂ ಕಣ್ಣಿರತ್ತೆ ಕಣ್ರೀ, ಎತ್ತರದಲ್ಲಿದ್ರೆ ದೂರ ಕಾಣತ್ತೆ" ಎಂದು ಹೊಸಬರಿಗೆ ಹೇಳುತ್ತಾಳೆ. ಸುಳ್ಳೇನಲ್ಲ. ಆದರೆ ಎತ್ತರವೊಂದೇ ಸಾಲದು. ಏರಿಯಲ್‌ನ ತಂತಿ ಕಂಬದೊಳಗಿಂದ ಇಳಿದು ಬುಡದಲ್ಲಿ ಇನ್ನೊಂದು ತಂತಿಗೆ ಸೇರುತ್ತದಲ್ಲ, ಉಪ್ಪುನೀರು ಹೊಂಚುಹಾಕಿ ಕೂರುವುದು ಅಲ್ಲೇ.

ಅವಳ ತಮ್ಮ ತನ್ನ ದೋಣಿಯಲ್ಲಿ ದ್ವೀಪಕ್ಕೆ ಹೊರಟಿದ್ದ. ಜೊತೆಗೆ ಅವಳ ಒಬ್ಬಳೇ ಮಗಳು. ಬೀಳ್ಕೊಡಲು ಹೋದವಳು ಸುಮ್ಮನಿರದೆ ಕಂಬದ ಬುಡದ ಟೇಪ್ ಬಿಚ್ಚಿ ನೋಡಿದಳು. ತಾಮ್ರಕ್ಕೆ ಕಿಲುಬು ಹಿಡಿದಿತ್ತು. ಬೆರಳಿಗೆ ಹಸಿರು ಪುಡಿ ಅಂಟಿತು.

"ಇದನ್ನ ಕತ್ತರಿಸಿ ಹೊಸದಾಗಿ ಬೆಸುಗೆ ಹಾಕ್ಬೇಕು. ನಾಳೆ ಹೊರಡೋ."

"ಅಯ್ಯೋ ಅಕ್ಕ, ಈಗ ತಾನೇ ಪಕ್ಕದ ದೋಣಿಯವನ ಜೊತೆ ಮಾತಾಡಿ ನೋಡ್ದೆ. ಗಂಟೆ ಹೊಡೆದ ಹಾಗೆ ಕೇಳಿಸ್ತಂತೆ."

"ಪಕ್ಕದವನಿಗೆ ಕೇಳ್ಸೋಕೆ ರೇಡಿಯೋ ಯಾಕೋ? ಕೆಮ್ಮಿದ್ರೆ ಸಾಕು!"

ಮಗಳು ಹಾಯಿಯ ಹಗ್ಗ ಬಿಚ್ಚುತ್ತ ನಕ್ಕಳು. "ಅಮ್ಮಾ, ಮಾವನ ತಲೆ ತಿನ್ಬೇಡ. ಗಾಳಿ ಚೆನ್ನಾಗಿದೆ."

ಕೋಪ ಕಂಬದಕ್ಕನ ಮೂಗಿನ ತುದಿಯಲ್ಲೇ ಇರುತ್ತದೆ. "ಏನಾದ್ರೂ ಮಾಡ್ಕೊಳ್ಳಿ" ಎಂದು ಚೀಲ ಹೆಗಲಿಗೇರಿಸಿ ನಡೆದೇಬಿಟ್ಟಳು. ಆ ಚೀಲದಲ್ಲಿ ಬೆಸುಗೆಯ ಸಾಮಾನೆಲ್ಲ ಇತ್ತು. ಅಲ್ಲೇ ಕೂತು ಹಟ ಹಿಡಿದಿದ್ದರೆ ಊಟದ ಹೊತ್ತಿಗೆ ಮುಗಿಯುವ ಕೆಲಸ.

ಮಧ್ಯಾಹ್ನ ಗಾಳಿ ದಿಕ್ಕು ಬದಲಿಸಿತು. ಕಡಲು ಸೀಸದ ಬಣ್ಣಕ್ಕೆ ತಿರುಗಿತು. ಬಂದರಿನ ಮೇಲಿನ ತನ್ನ ಕೋಣೆಯಲ್ಲಿ ಅವಳು ರೇಡಿಯೋದ ಮುಂದಿನಿಂದ ಏಳಲಿಲ್ಲ. ಕರಕರ ಸದ್ದಿನ ನಡುವೆ ಒಮ್ಮೆ "ನೀರು" ಎಂದಂತಾಯಿತು. ಗಂಡು ದನಿಯೋ ಹೆಣ್ಣು ದನಿಯೋ ಗೊತ್ತಾಗದಷ್ಟು ಹರಿದುಹೋಗಿತ್ತು. ಆಮೇಲೆ ಮಾತೇ ಇಲ್ಲ. ಆ ಕಡೆ ಯಾರೋ ಮೈಕಿನ ಗುಂಡಿ ಒತ್ತಿದಾಗ ಮಾತ್ರ ಕರಕರ ನಿಲ್ಲುತ್ತಿತ್ತು, ಬಿಟ್ಟಾಗ ಮತ್ತೆ ಶುರು. ತಮ್ಮನ ದೋಣಿಯ ಕಿಲುಬು ಮಾತನ್ನು ನುಂಗಿ ಬರೀ ಒತ್ತನ್ನು ದಡಕ್ಕೆ ಕಳಿಸುತ್ತಿತ್ತು.

ಆದರೂ ಅವಳ ಬುದ್ಧಿ ಕೈಕೊಡಲಿಲ್ಲ. ರಕ್ಷಣಾ ದೋಣಿಯವರಿಗೆ ಫೋನ್ ಹಚ್ಚಿ, ಇನ್ನೊಂದು ಕೈಯಲ್ಲಿ ಮೈಕ್ ಹಿಡಿದಳು.

"ನನ್ನ ಮಾತು ಕೇಳಿಸ್ತಿದೆಯೇನೋ? ಹೌದು ಅನ್ನೋಕೆ ಒಂದ್ಸಲ ಒತ್ತು, ಇಲ್ಲ ಅನ್ನೋಕೆ ಎರಡ್ಸಲ."

ಕರಕರ ಒಮ್ಮೆ ನಿಂತಿತು.

"ದೀಪಸ್ತಂಭ ಕಾಣ್ತಿದೆಯೇನೋ?"

ಒಂದು ಸಲ.

"ಬಂಡೆಗಳ ಹತ್ರಾನೇ ಇದ್ದೀಯೇನೋ?"

ಒಂದು ಸಲ.

ಅವಳು ಅದನ್ನು ಫೋನಿನಲ್ಲಿ ದಾಟಿಸಿದಳು. ರಕ್ಷಣಾ ದೋಣಿ ಆಗಲೇ ಹೊರಟಾಗಿತ್ತು. ಅದರ ಮುಖ್ಯಸ್ಥ ಕೇಳಿದ: "ಎಷ್ಟು ಜನ ಇದಾರೆ, ಅಕ್ಕ?"

"ಇಬ್ರು. ತಮ್ಮ, ನನ್ನ ಮಗಳು."

"ಇಬ್ರೂ ದೋಣಿಲೇ ಇದಾರಾ, ಕೇಳಿ. ಇಲ್ಲಾಂದ್ರೆ ನಾವು ನೀರಲ್ಲೂ ಹುಡುಕ್ಬೇಕು."

ಕಂಬದಕ್ಕ ಕೇಳಿದಳು. "ಇಬ್ರೂ ದೋಣಿಲೇ ಇದ್ದೀರಾ?"

ಕರಕರ ನಿಂತಿತು. ಶುರುವಾಯಿತು. ಅಷ್ಟೇ ಇರಲಿ ಎಂದು ಅವಳು ಬೇಡಿಕೊಂಡಳು. ಮತ್ತೊಮ್ಮೆ ನಿಂತಿತು. "ಇಲ್ವಂತೆ" ಎಂದು ಫೋನಿಗೆ ಹೇಳಿದಳು.

"ನೀರಲ್ಲಿರೋದು ಯಾರು? ಅವ್ರಿಗೆ ಈಜು ಬರತ್ತಾ?" ಫೋನಿನವನು ಅವಸರಪಡಿಸುತ್ತಿದ್ದ.

ಅಲ್ಲಿಯವರೆಗೂ ಆ ಕಡೆ ಗುಂಡಿ ಒತ್ತುತ್ತಿರುವುದು ತಮ್ಮನೇ ಎಂದುಕೊಂಡು ಅವಳು "ಏನೋ" ಎಂದೇ ಕರೆದಿದ್ದಳು. ಈಗ ಏನೋ ಎನ್ನಬೇಕೋ, ಏನೇ ಎನ್ನಬೇಕೋ? ಸಾಕಿ ಸಲಹಿದ ತಮ್ಮ ಒಂದು ಕಡೆ, ಹೆತ್ತ ಮಗಳು ಒಂದು ಕಡೆ. ತಮ್ಮನೇ ನೀರಿನಲ್ಲಿರಲಿ ಎಂದು ಮನಸ್ಸು ಒಂದು ಕ್ಷಣ ಹೇಳಿಯೇಬಿಟ್ಟಿತು. ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು.

ಕೇಳಲೆಂದು ಮೈಕಿನ ಗುಂಡಿ ಒತ್ತಿದಳು. ಊರಿಗೆಲ್ಲ ಬೈಯುವ ಬಾಯಿ ತೆರೆಯಲೇ ಇಲ್ಲ. ಈ ರೇಡಿಯೋದಲ್ಲಿ ಒಬ್ಬರು ಒತ್ತಿ ಹಿಡಿದಷ್ಟು ಹೊತ್ತೂ ಇನ್ನೊಬ್ಬರ ಉತ್ತರ ಅವರಿಗೆ ಬರುವುದಿಲ್ಲ. ಅದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಫೋನಿನಲ್ಲಿ ಅವನು ಅಕ್ಕ, ಅಕ್ಕ ಎಂದು ಕೂಗುತ್ತಲೇ ಇದ್ದ. ಅವಳ ಹೆಬ್ಬೆರಳು ಗುಂಡಿಯ ಮೇಲಿಂದ ಏಳಲಿಲ್ಲ.