ಬೀಬಮ್ಮನ ಬಾವಿ

ಶಿಡ್ಲಘಟ್ಟದ ಪೇಟೆಯಲ್ಲಿ ನೆಲದಡಿ ಹೆಂಗಸರ ಕಕ್ಕಸು ಹೊಸದಾಗಿ ಕಟ್ಟಿದ್ದರು. ಬಾಗಿಲು ತೆರೆಯುವ ಮೊದಲು, ಅದರ ಗುಂಡಿಯ ಕೊಳಚೆ ಸುತ್ತಲಿನ ಬಾವಿಗಳಿಗೆ ಇಳಿಯುತ್ತದೆಯೇ ಎಂದು ನೋಡಲು ಪುರಸಭೆಯವರು ನೀರು ಪರೀಕ್ಷಿಸುವ ನನ್ನನ್ನು ಕಳಿಸಿದರು. ಗುಂಡಿಗೆ ನೀರು ತುಂಬಿಸಿ ಹಸಿರು ಬಣ್ಣ ಕದಡಿದೆ. ಕೆಲವೇ ದಿನಗಳಲ್ಲಿ ಪಕ್ಕದ ಮನೆಯ ಬೀಬಮ್ಮನವರ ಬಾವಿಯಲ್ಲಿ ಹಸಿರು ನೀರು ಬಂತು. ರೇಷ್ಮೆ ನೂಲು ತೆಗೆದು ಬದುಕುವ ಅವರಿಗೆ ಇದ್ದದ್ದು ಅದೊಂದೇ ನೀರು.

"ಹೆದರಬೇಡಿಮ್ಮ, ಕಕ್ಕಸು ತೆರೆಯೋದು ಬೇಡ ಅಂತ ಬರೀತೀನಿ" ಅಂದೆ.

ಅವರಿಗೆ ಇನ್ನೂ ಗಾಬರಿಯಾಯಿತು. "ಹಂಗೆ ಮಾಡ್ಬೇಡಿ ಸಾಬ್. ಬಾವಿನೇ ಮುಚ್ಸಿ. ನೀರಾದ್ರೆ ಹಗಲಲ್ಲಿ ಎಲ್ಲರ ಮುಂದೇನೇ ಹೊತ್ಕೊಂಡು ಬರ್ತೀನಿ. ಇದಕ್ಕಾದ್ರೆ ನಾವು ಹೆಂಗಸ್ರು ಕತ್ತಲಾಗೋವರೆಗೂ ತಡ್ಕೊಂಡಿರ್ಬೇಕು."

ಎರಡೂ ಉಳಿಯಲಿ, ಗುಂಡಿಯನ್ನೇ ಬೇಗ ದೂರಕ್ಕೆ ಸರಿಸಿ ಎಂದು ಬರೆದೆ. ಸರಿಸಿದರು. ಆದರೆ ಅದಕ್ಕೆ ಮೊದಲು ಪುರಸಭೆಯ ಸಭೆಯಲ್ಲಿ ಪ್ರತಿಯೊಬ್ಬರೂ, ಇಷ್ಟೊಂದು ಅವಸರ ಯಾಕೆ ಅಂತ ಕೇಳಿದರು. ಕೇಳಿದವರೆಲ್ಲ ಗಂಡಸರು.